ಮುಕ್ಕಾಲಿಗೊಂದು ಪತ್ರ, ಪಿಯಾನೋ ವಿಚಾರವಾಗಿ

ಪ್ರೀತಿಯ ಮುಕ್ಕಾಲು,

ಇದನ್ನು ವಾಟ್ಸಾಪಿನಲ್ಲೇ ಹಾಕಬಹುದಿತ್ತು. ಆದರೆ ನೀನು ನೋಡಿಯೂ ನೋಡದ ಹಾಗಿರುವ ವಿದ್ಯೆಯಲ್ಲಿ ಪಳಗಿದವನು, ನೀಲಿ ಗೀಟು ಬೇರೆ ಆರಿಸಿಟ್ಟಿದ್ದೀಯ. ಇಲ್ಲಿ ನಾಲ್ಕು ಜನರ ಎದುರು ಬರೆದರೆ ಮರ್ಯಾದೆಗಾದರೂ ಉತ್ತರ ಕೊಟ್ಟೀಯೆಂಬ ಆಸೆ. ಓದುತ್ತಿರುವ ಉಳಿದವರು ಕಾಫಿ ಲೋಟ ಹಿಡಿದು ಕೂತುಕೊಳ್ಳಬಹುದು. ಛತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ ಮಾರಾಯ.

ನಾನು ಪಿಯಾನೋ ಕೊಳ್ಳಲು ಹೊರಟಿದ್ದೇನೆ. ಮೇಜಿನ ಮೇಲಿಡುವ ಕೀಬೋರ್ಡ್ ಅಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ, ಮರದ, ತಂತಿಯ, ಬೆರಳಲ್ಲಿ ಒತ್ತುವ 88 ಮನೆಯ, ಇನ್ನೂರು ಕಿಲೋ ಮೀರುವ ಅಪ್‌ರೈಟ್. ತೀರ್ಥಹಳ್ಳಿಯಲ್ಲಿ. ನಮ್ಮ ಮನೆಯ ಹಾಲಿನಲ್ಲಿ, ಅಪ್ಪನ ಆರಾಮಕುರ್ಚಿ ಇದ್ದ ಜಾಗದಲ್ಲಿ. ನಗು. ನಕ್ಕು ಮುಗಿಸು, ಕಾಯುತ್ತೇನೆ.

ಮೊದಲು ಹೋದದ್ದು ಬೆಂಗಳೂರಿನ ಒಂದು ಅಂಗಡಿಗೆ, ಹೊಸದನ್ನೇ ನೋಡೋಣವೆಂದು. ಸೇಲ್ಸ್ ಹುಡುಗ ಯಾರಿಗೆ ಸರ್ ಎಂದ. ಮಗಳಿಗೆ ಎಂದೆ. ಮಗಳು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಎರಡನೇ ಗ್ರೇಡಿಗೇ ಕೀಬೋರ್ಡ್ ಕ್ಲಾಸು ಬಿಟ್ಟವಳು, ಆಮೇಲೆ ಫೋನಿನಲ್ಲಿ ಈ ಕಥೆ ಹೇಳಿದರೆ "ಅಪ್ಪಾ, ನನ್ನ ಹೆಸರು ಯಾಕೆ ಹಾಳು ಮಾಡ್ತೀಯ" ಅಂದಳು. ಹುಡುಗ ಒಂದು ಕಪ್ಪು ಯಮಾಹಾದ ಮುಚ್ಚಳ ಎತ್ತಿ, ನುಡಿಸಿ ನೋಡಿ ಸರ್ ಅಂದ. ಅಂಗಡಿಯಲ್ಲಿ ಇನ್ನಿಬ್ಬರು ಗಿಟಾರ್ ನೋಡುತ್ತಿದ್ದರು. ನಾನು ಮನೆಗಳ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ. ಧೂಳಿದೆಯಾ ಎಂದು ನೋಡುವವನ ಹಾಗೆ ಸವರಿ ಕೈ ತೆಗೆದು ಕೇಳಿದೆ: "ಇದರ ಸದ್ದು ಕಡಿಮೆ ಮಾಡೋದು ಹೇಗೆ?"

ಹುಡುಗ ಒಳ್ಳೆಯವನು, ನಗಲಿಲ್ಲ. "ಎಲ್ಲರೂ ಸದ್ದು ಹೇಗಿದೆ ಅಂತ ಕೇಳ್ತಾರೆ ಸರ್" ಎಂದಷ್ಟೇ ಹೇಳಿ, ನಡುವಿನ ಪೆಡಲ್ ತೋರಿಸಿದ. ಅದನ್ನು ಒತ್ತಿ ಪಕ್ಕಕ್ಕೆ ಸಿಕ್ಕಿಸಿದರೆ, ಮನೆ ಒತ್ತಿದಾಗ ತಂತಿಗೆ ಬಡಿಯುವ ಸುತ್ತಿಗೆಗೂ ತಂತಿಗೂ ನಡುವೆ ಒಂದು ಉಣ್ಣೆಯ ಪಟ್ಟಿ ಇಳಿಯುತ್ತೆ, ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತೆ. ಅದೂ ಸಾಲದಿದ್ದರೆ ಸೈಲೆಂಟ್ ಪಿಯಾನೋ ಎಂದೇ ಬೇರೆ ಬರುತ್ತದಂತೆ: ಸುತ್ತಿಗೆ ತಂತಿಗೆ ತಗಲುವ ಮುಂಚೆಯೇ ತಡೆದು, ಸ್ವರವನ್ನು ಹೆಡ್‌ಫೋನಿಗೆ ಕಳಿಸುವುದು. ಅದಕ್ಕೆ ರೇಟು ಇನ್ನೂ ಮೇಲೆ. ನಮ್ಮ ಕಡೆಯವರಿಗೆ ಬೆಲೆ ಅಂದರೆ ಕ್ವಿಂಟಾಲಿನ ಲೆಕ್ಕ ತಾನೆ? ಮನಸ್ಸಿನಲ್ಲೇ ರಾಶಿ ಅಡಿಕೆಗೆ ತಿರುಗಿಸಿ ನೋಡಿದೆ. ಅಣ್ಣ ತೋಟದ ಪಾಲು ಎಂದು ವರ್ಷಕ್ಕೆ ಕೊಡುವುದಷ್ಟೂ ಹೋಗಿ, ಮುಂದಿನ ಮಳೆಗಾಲದ ಕೊಳೆ ಔಷಧಿಯ ದುಡ್ಡಿಗೂ ಕೈ ಹಾಕಬೇಕು. ಸದ್ದು ಮಾಡದೇ ಇರುವುದಕ್ಕೆ ಅಷ್ಟು ದುಡ್ಡು. ಆದರೂ ಜನಶತಾಬ್ದಿಯಲ್ಲಿ ವಾಪಸು ಬರುವಾಗ ತರೀಕೆರೆವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಆಮೇಲೆ ಹಳೇದರ ಬೆನ್ನು ಬಿದ್ದೆ. ರೀಕಂಡೀಷನ್ಡ್ ಎಂಬ ಮಾತು ಇದೆಯಲ್ಲ, ಅದು ಅಡಿಕೆ ಮಂಡಿಯಲ್ಲಿ ಒಂದೇ ಚೀಲಕ್ಕೆ ಒಬ್ಬ ಮೇಲ್ದರ್ಜೆಯ ಬೆಟ್ಟೆ ಅಂದು ಇನ್ನೊಬ್ಬ ಕೆಳದರ್ಜೆಯ ಗೊರಬಲು ಅಂದ ಹಾಗೆ. ಒಬ್ಬನಿಗೆ ರೀಕಂಡೀಷನ್ ಎಂದರೆ ತಂತಿ, ಅದನ್ನು ಬಿಗಿಯುವ ಗೂಟ, ಸುತ್ತಿಗೆ ಎಲ್ಲ ಬದಲಿಸಿದ್ದು. ಇನ್ನೊಬ್ಬನಿಗೆ ಹೊರಗೆ ಪಾಲಿಶ್ ಹೊಡೆದು ಒಳಗಿನ ಜೇಡರಬಲೆ ತೆಗೆದದ್ದು. ಸರಕಿನ ಬಹುಪಾಲು ಜಪಾನಿನದು. 1960ರಿಂದ 80ರ ದಶಕದವರೆಗೆ ಅಲ್ಲಿ ಊರೂರಲ್ಲಿ ಮಕ್ಕಳಿಗೆ ಪಿಯಾನೋ ಕೊಡಿಸಿದರು, ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟರು, ಪಿಯಾನೋಗಳು ಕಂಟೇನರ್ ಹತ್ತಿದವು. ಮೇಲಿನ ಮುಚ್ಚಳ ಎತ್ತಿದರೆ ಒಳಗಿನ ಕಬ್ಬಿಣದ ಮೇಲೆ ನಂಬರ್ ಇರುತ್ತೆ, ಅದರಿಂದ ಹುಟ್ಟಿದ ವರ್ಷ ಗೊತ್ತಾಗುತ್ತೆ. ನಾನು ನೋಡಿದ ಒಂದು ಯಮಾಹಾ ಯು1, 121 ಸೆಂಟಿಮೀಟರ್ ಎತ್ತರದ್ದು, ನನಗಿಂತ ಎರಡೇ ವರ್ಷ ಚಿಕ್ಕದು. ಟಾರ್ಚ್ ಬಿಟ್ಟು ಸುತ್ತಿಗೆಗಳನ್ನು ನೋಡಿದೆ. ನಡು ಸ್ಥಾಯಿಯಿಂದ ಮೇಲಕ್ಕೆ ಒಂದೊಂದು ಸ್ವರಕ್ಕೂ ಮೂರು ಮೂರು ತಂತಿ, ಹಾಗಾಗಿ ಸುತ್ತಿಗೆಯ ಉಣ್ಣೆಯ ಮೂತಿಯಲ್ಲಿ ಮೂರು ಗೀರು ಬಿದ್ದಿರುತ್ತೆ, ವಿಭೂತಿಯ ಹಾಗೆ. ನಡುವಿನ ಎರಡು ಸ್ಥಾಯಿಯಲ್ಲಿ ಗೀರು ಆಳವಾಗಿದೆ, ಎರಡೂ ತುದಿಗೆ ಹೋದ ಹಾಗೆ ಸುತ್ತಿಗೆ ಹೊಸದರ ಹಾಗೇ ಇದೆ. ಯಾವುದೋ ಮಗು ಮೊದಲ ಪುಸ್ತಕ ದಾಟದೇ ಬಿಟ್ಟಿದೆ. ನಮ್ಮ ಪೈಕಿಯೇ ಎಂದುಕೊಂಡೆ.

ಕೊಪ್ಪದ ಕಡೆ ಒಂದು ತೋಟದ ಬಂಗಲೆಯಲ್ಲಿ ಇಂಗ್ಲಿಷಿನವರ ಕಾಲದ್ದೊಂದಿದೆ ಎಂದು ಯಾರೋ ಹೇಳಿದರು. ಬೆಂಗಳೂರಿನಿಂದ ಬಂದಿದ್ದ ಟ್ಯೂನರ್ ಒಬ್ಬರನ್ನು ಕರೆದುಕೊಂಡು ಹೋದೆ, ಎಪ್ಪತ್ತರ ಹತ್ತಿರದ ಮನುಷ್ಯ. ನೋಡಲು ಎಷ್ಟು ಚಂದ ಅಂತೀಯ! ಮುಂದೆ ಎರಡು ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡು, ಮನೆಗಳ ಮೇಲೆ ಹಳದಿ ತಿರುಗಿದ ದಂತದ ತಗಡು. ಅದನ್ನು ಕೊಂಡರೆ ಸಂಗೀತ ಕೇಳಲು ಮೊದಲು ಬರುವವರು ಅರಣ್ಯ ಇಲಾಖೆಯವರು. ಒಂದು ಮನೆ ಒತ್ತಿದೆ. ಇಳಿದದ್ದು ಎದ್ದು ಬರಲಿಲ್ಲ. ಪಕ್ಕದ್ದು ಒತ್ತಿದೆ, ಅದೂ ಇಳಿದು ಕೂತಿತು. ಟ್ಯೂನರ್ ಕೆಳಗಿನ ಹಲಗೆ ತೆಗೆದರೆ ಇಲಿ ಗೂಡು, ಉಣ್ಣೆಯೆಲ್ಲ ಅದರ ಹಾಸಿಗೆ. ಸ್ವರ ಅಳೆದು ನೋಡಿದರು: ಸೆಕೆಂಡಿಗೆ 440 ಕಂಪನ ಇರಬೇಕಾದ ಕಡೆ 415, ಪೂರಾ ಅರ್ಧ ಮನೆ ಇಳಿದಿದೆ. ಎಳೆದು ಮೇಲೆ ತರಬಹುದು, ತಂತಿ ಉಳಿದರೆ. ಒಂದು ಗೂಟಕ್ಕೆ ಕೀಲಿ ಹಾಕಿ ಮುಟ್ಟಿದರು ಅಷ್ಟೆ, ಹಾಲುಹಲ್ಲಿನ ಹಾಗೆ ಅಲುಗಾಡಿತು. ಗೂಟ ಹಿಡಿದಿರುವ ಮರ ಸಡಿಲಾದರೆ ಅಲ್ಲಿಗೆ ಮುಗಿಯಿತು, ಬೆಳಿಗ್ಗೆ ಶ್ರುತಿ ಮಾಡಿದ್ದು ಸಂಜೆಗೆ ಇರಲ್ಲ. ಕೈ ಒರೆಸಿಕೊಳ್ಳುತ್ತಾ "ಒಳ್ಳೇ ಕಪಾಟಾಗುತ್ತೆ ಸರ್" ಅಂದರು. ಬಂಗಲೆಯವರು ಕೊಟ್ಟ ಎರಡನೇ ಬೋಂಡಾ ನಾನು ತಿನ್ನಲಿಲ್ಲ. ಯಾಕೆಂದು ನಿನಗೊಬ್ಬನಿಗೆ ಗೊತ್ತು.

ದಾರಿಯಲ್ಲಿ ಅವರು ಹೇಳಿದ ಮಳೆ ಪಾಠ ಕೇಳು. ಪಿಯಾನೋಗೆ ಗಾಳಿಯಲ್ಲಿ ತೇವ ನೂರಕ್ಕೆ 40ರಿಂದ 50 ಇದ್ದರೆ ಸುಖ. ನಮ್ಮಲ್ಲಿ ಜುಲೈಯಲ್ಲಿ ಉಪ್ಪು ನೀರಾಗುತ್ತೆ, ಚಪ್ಪಲಿಗೆ ಬೂಸ್ಟು ಹಿಡಿಯುತ್ತೆ, ಆಗುಂಬೆ ಘಾಟಿಯ ಮೋಡ ಕಿಟಕಿಯಿಂದಲೇ ಒಳಗೆ ಬಂದು ಕೂರುತ್ತೆ. ಪಿಯಾನೋ ಹಿಂದಿರುವ ಸ್ಪ್ರೂಸ್ ಮರದ ಹಲಗೆ ನೀರು ಕುಡಿದು ಉಬ್ಬಿದರೆ ತಂತಿ ಬಿಗಿದು ಶ್ರುತಿ ಏರುತ್ತೆ, ಬೇಸಿಗೆಯಲ್ಲಿ ಒಣಗಿದರೆ ಇಳಿಯುತ್ತೆ. ಹಿಂದಿನವರು ಒಳಗೊಂದು ನಲವತ್ತು ಕ್ಯಾಂಡಲಿನ ಬಲ್ಬು ಹಚ್ಚಿಡುತ್ತಿದ್ದರಂತೆ, ಶಾಖಕ್ಕೆ. ಈಗ ಎಲ್ಲ ಎಲ್‌ಇಡಿ, ಬೆಳಕಿದೆ, ಬಿಸಿಯಿಲ್ಲ. ಇದನ್ನು ಅತ್ತೆಯ ಹತ್ತಿರ ಹೇಳಿದರೆ, "ಅದಕ್ಕೆಂತ, ಒಲೆ ಮೇಲಿನ ಅಟ್ಟದಲ್ಲಿಡಿ, ಉಪ್ಪಿನಕಾಯಿ ಭರಣಿ ಕೆಡಲ್ಲ, ಇದು ಕೆಡುತ್ತಾ?" ಎಂದರು. ಭದ್ರಾವತಿಯ ಭಾವನಿಗೆ ಬೇರೆಯೇ ಆಸಕ್ತಿ. ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡಿ ರಿಟೈರಾದವರು; 220ಕ್ಕೂ ಮೇಲ್ಪಟ್ಟ ತಂತಿಗಳ ಎಳೆತ ಒಟ್ಟು 15 ಟನ್ ಮೀರುತ್ತೆ, ಅದನ್ನೆಲ್ಲ ಹೊರುವುದು ಒಂದು ಎರಕದ ಕಬ್ಬಿಣದ ಚೌಕಟ್ಟು ಎಂದಿದ್ದೇ ತಡ, "ಹಾಡು ನಂಗೆ ಬೇಡ, ಆ ಎರಕ ಒಂದ್ಸಲ ತೋರಿಸು" ಅಂದರು. ಒಂದು ಲಾರಿ ಲೋಡು ಜಲ್ಲಿಗಿಂತ ಜಾಸ್ತಿ ಬಿಗುವು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಗೋಡೆಗೊರಗಿ ನಿಂತಿರುತ್ತದಲ್ಲ ಎಂದು ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮಲೆನಾಡಿನವನಿಗೆ ಪಿಯಾನೋ ಎಂಥಕ್ಕೆ ಅಂತ ನೀನು ಕೇಳುವ ಮುಂಚೆ ಹೇಳಿಬಿಡುತ್ತೇನೆ: ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು, ರಷ್ಯಾದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು. ಆದರೆ ಅವರದು ಅರಮನೆ. ಮೂರಡಿ ಆಚೆ ಪಕ್ಕದ ಮನೆಯ ಬಚ್ಚಲ ಕಿಟಕಿ ಇರಲಿಲ್ಲ.

ಸೈಲೆಂಟ್ ಪಿಯಾನೋವೇ ಸರಿ, ಸಾಲ ಮಾಡಿದರೂ ಚಿಂತೆಯಿಲ್ಲ ಎಂದು ಒಂದು ಬೆಳಿಗ್ಗೆ ಹೆಂಡತಿಗೆ ಹೇಳಿದೆ. ಅಕ್ಕಿರೊಟ್ಟಿ ತಟ್ಟುತ್ತಿದ್ದಳು. "ಅದು ಯಾಕೆ?" ಅಂದಳು. ನಿಮಗೆಲ್ಲ ತೊಂದರೆ ಬೇಡ, ಈಗಿನ ಕೀಬೋರ್ಡಿನ ಹಾಗೆ ರಾತ್ರಿ ಯಾರಿಗೂ ಕೇಳಿಸದ ಹಾಗೆ ನುಡಿಸಬಹುದು ಎಂದೆ. ಆರು ವರ್ಷದಿಂದ ಹನ್ನೊಂದು ಗಂಟೆ ಮೇಲೆ ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುವವನು ನಾನು, ನಿನಗೂ ಹೇಳಿರಲಿಲ್ಲ.

"ಕೇಳ್ಸಲ್ಲ ಅಂತ ಯಾರು ಹೇಳಿದ್ದು ನಿಮ್ಗೆ? ಹಾಡು ಕೇಳ್ಸಲ್ಲ. ಟಕಟಕ ಕೇಳ್ಸುತ್ತೆ."

ಹಿಟ್ಟು ಮೆತ್ತಿದ ಬೆರಳಲ್ಲೇ ಕಟ್ಟೆಯ ಮೇಲೆ ತಟ್ಟಿ ತೋರಿಸಿದಳು. ಒಂದು ಎರಡು ಮೂರು, ಒಂದು ಎರಡು ಮೂರು. ಪುಸ್ತಕದ ಹನ್ನೊಂದನೇ ಪಾಠ ಅದು. ಎಡಗೈ ಯಾವುದು, ಬಲಗೈ ಯಾವುದು ಎಂದು ಕೂಡ ಗೊತ್ತಾಗುವ ಹಾಗೆ ತಟ್ಟಿದಳು. ಒಂದು ಕಡೆ ಬಂದು ಬೆರಳು ನಿಲ್ಲಿಸಿ, "ಇಲ್ಲಿ ಎಡವ್ತೀರಿ. ಮತ್ತೆ ಮೊದ್ಲಿಂದ. ಆ ಜಾಗ ಹತ್ರ ಬಂತು ಅಂದ್ರೆ ನಾನು ಮಲಗಿದಲ್ಲೇ ಉಸಿರು ಹಿಡ್ಕೊಂಡಿರ್ತೀನಿ. ಅದು ದಾಟಿದ ದಿನ ನಂಗೆ ಬೇಗ ನಿದ್ದೆ ಬರುತ್ತೆ" ಎಂದು ಕಾವಲಿ ಮೇಲಿನ ರೊಟ್ಟಿ ಮಗುಚಿದಳು.

ಆರು ವರ್ಷ ಮಾರಾಯ. ಸ್ವರವೇ ಇಲ್ಲದ ಹಾಡನ್ನು ಗೋಡೆಯಾಚೆ ಮಲಗಿ ಕೇಳಿದ್ದಾಳೆ. ಒಂದು ದಿನವೂ ಹೇಳಲಿಲ್ಲ. ನಾನೂ ಒಂದು ದಿನ ಹೆಡ್‌ಫೋನಿನ ವೈರು ಕಿತ್ತು, ಬಾ ಕೇಳು ಅನ್ನಲಿಲ್ಲ.

ಪತ್ರ ಇಲ್ಲಿಗೆ ನಿಲ್ಲಿಸಬೇಕೆಂದು ಕೂತಿದ್ದೆ. ಆದರೆ ಅವತ್ತಿನಿಂದ ತಲೆಯಲ್ಲಿ ತಿರುಗುತ್ತಿರುವುದು ಪಿಯಾನೋ ಅಲ್ಲ, 1997ರ ಹಾಸ್ಟೆಲ್ ಡೇ. ನೀನು ಒಂದೂವರೆ ಮನೆ ಶ್ರುತಿಗೆ ಹಾಡಿದೆ, ಹಾರ್ಮೋನಿಯಂ ನನ್ನದು. ಎರಡನೇ ಚರಣಕ್ಕೆ ಹಾರ್ಮೋನಿಯಂ ನಿಂತಿತು. ತಿದಿ ಹರಿಯಿತು ಎಂದು ನಾನು ಹೇಳಿದೆ, ಎಲ್ಲರೂ ನಂಬಿದರು, ನೀನೂ. ತಿದಿಗೆ ಏನೂ ಆಗಿರಲಿಲ್ಲ. ಅಷ್ಟು ಹೊತ್ತೂ ಹಿಂದಿನ ಸಾಲಿನವರು ಶಿಳ್ಳೆ ಹೊಡೆಯುತ್ತಿದ್ದರು, ಆಗ ನಾನು ಹಾಯಾಗಿ ನುಡಿಸುತ್ತಿದ್ದೆ. ಎರಡನೇ ಚರಣಕ್ಕೆ ಬರುವಾಗ ಸಭೆ ಒಮ್ಮೆಗೇ ಸುಮ್ಮನಾಯಿತು ನೋಡು. ಕೇಳತೊಡಗಿದರು. ಅಷ್ಟೇ. ನನ್ನ ಎಡಗೈ ತಿದಿಯ ಮೇಲೆಯೇ ನಿಂತಿತು. ನೀನು ನನ್ನ ಕಡೆ ಒಂದು ಸಲ ತಿರುಗಿ ನೋಡಿ, ಒಬ್ಬನೇ ಹಾಡು ಮುಗಿಸಿದೆ. ಹಿಡಿದುಕೊಳ್ಳಲು ಶ್ರುತಿಯಿಲ್ಲದೆ ಏರುತ್ತಾ ಏರುತ್ತಾ ಒಂದೂವರೆಯೂ ಅಲ್ಲ, ಎರಡೂ ಅಲ್ಲ, ಎಲ್ಲೋ ನಡುವೆ ಹೋಗಿ ನಿಂತೆ. ರಾತ್ರಿ ಊಟದ ಹಾಲಿನಲ್ಲಿ ಮುಕ್ಕಾಲು ಎಂಬ ಆ ಹೆಸರನ್ನು ಮೊದಲು ಕೂಗಿದವನೂ ನಾನೇ. ನೀನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ನಿನ್ನ ಮದುವೆಯಲ್ಲೂ ನೀನು ಹಾಡಿದ್ದನ್ನು ನಾನು ಕೇಳಿಲ್ಲ.

ಈ ಪ್ಯಾರಾ ಅಳಿಸಬೇಕೆಂದಿದ್ದೆ. ಅಷ್ಟರಲ್ಲಿ ಇವಳು ಹಿಂದೆ ನಿಂತು ಓದಿಬಿಟ್ಟಳು, ಇನ್ನು ಅಳಿಸಿದರೆ ಮನೆಯಲ್ಲಿ ಊಟವಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿಯವರು ಹಾರ್ಮೋನಿಯಂ ಅನ್ನು ಒಳಗೇ ಬಿಟ್ಟಿರಲಿಲ್ಲವಲ್ಲ, ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಬರುವುದಿಲ್ಲವೆಂದು ದೂರುತ್ತಿದ್ದರು. ನನ್ನಂಥವರ ವಾಸನೆ ಮುಂಚೆಯೇ ಹತ್ತಿತ್ತೆಂದು ನನ್ನ ಗುಮಾನಿ.

ಸರಿ, ವ್ಯಾಪಾರದ ವಿಷಯ. ಕೊನೆಗೆ ಒಂದು ಹಳೇ ಕವಾಯ್‌ಗೆ ಅಡ್ವಾನ್ಸ್ ಕೊಟ್ಟಿದ್ದೇನೆ. ಆ ಕಂಪನಿಯವರು 1970ರ ದಶಕದಿಂದಲೇ ಒಳಗಿನ ಕೆಲವು ಚಲಿಸುವ ಭಾಗಗಳನ್ನು ಮರದ ಬದಲು ಎಬಿಎಸ್ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾ ಬಂದವರು. ಪ್ಲಾಸ್ಟಿಕ್ ಎಂದು ಮೂಗು ಮುರಿಯುವವರಿದ್ದಾರೆ, ಅವರು ಇಲ್ಲಿಗೆ ಬಂದು ಒಂದು ಆಷಾಢ ಕಳೆಯಲಿ. ಸೈಲೆಂಟ್ ಅಲ್ಲ. ಉಣ್ಣೆ ಪಟ್ಟಿಯ ಪೆಡಲ್ ಇದೆ, ಇಲ್ಲ ಅನ್ನುವುದಿಲ್ಲ. ಇಲಿ ಬರದ ಹಾಗೆ ಕೆಳಗೆ ಜಾಲರಿ ಹೊಡೆಸುವುದು, ತೇವ ಹೀರುವ ಯಂತ್ರ ಒಂದು, ವರ್ಷಕ್ಕೆ ಎರಡು ಸಲ ಟ್ಯೂನರಿಗೆ ಶಿವಮೊಗ್ಗದವರೆಗೆ ರೈಲು, ಮುಂದೆ ಬಸ್ಸು, ನಮ್ಮಲ್ಲೇ ಊಟ. ದೀಪಾವಳಿ ಕಳೆದ ಮೇಲೆ ಲಾರಿ ಬರುತ್ತೆ. ಇಳಿಸಲು ಮಂಡಿಯ ಹಮಾಲರಿಗೆ ಹೇಳಿಟ್ಟಿದ್ದೇನೆ. ಎಷ್ಟು ಚೀಲದ್ದು ಅಂದರು. ಒಂದೇ ಚೀಲ, ಇನ್ನೂರ ಚಿಲ್ಲರೆ ಕಿಲೋ ಎಂದೆ. ಒಳಗೆ ಎಂಥ ಉಂಟು ಎಂದು ಇನ್ನೂ ಹೇಳಿಲ್ಲ.

ನೀನು ನವೆಂಬರಿನಲ್ಲಿ ಬಾ. ಹನ್ನೊಂದನೇ ಪಾಠವನ್ನು ಬಾಗಿಲು ತೆರೆದಿಟ್ಟು ನುಡಿಸುತ್ತೇನೆ, ಎಡವುವ ಜಾಗ ಸಮೇತ. ನೀನು ಹಾಡಬೇಕೆಂಬ ಕರಾರೇನಿಲ್ಲ. ಆದರೂ ಇರಲಿ ಅಂತ ಟ್ಯೂನರನ್ನು ಕೇಳಿದೆ, ಇದರಲ್ಲಿ ಒಂದೂಮುಕ್ಕಾಲು ಮನೆ ಎಲ್ಲಿ ಬರುತ್ತೆ ಸ್ವಾಮಿ ಎಂದು. ಅದು ಯಾವ ಪಿಯಾನೋದಲ್ಲೂ ಇಲ್ಲ, ಆದರೆ ನಿಮ್ಮೂರಲ್ಲಿ ನಾಲ್ಕು ಮಳೆಗಾಲ ಶ್ರುತಿ ಮಾಡಿಸದೆ ಬಿಡಿ, ತಾನಾಗಿ ಅಲ್ಲಿಗೆ ಬರುತ್ತೆ ಎಂದರು.

ಇಂತಿ,
ತಿದಿ ಹರಿಯದವನು

ತಾ.ಕ: ಛತ್ರಿ ನನ್ನ ಹತ್ತಿರ ಇಲ್ಲ. ಇದನ್ನು ಎಲ್ಲರೆದುರು ಬರೆದು ಕೊಡುತ್ತಿದ್ದೇನೆ.