ಗೆಳೆಯನಿಗೊಂದು ಪತ್ರ: ಜಗಳ ಸೂವೆಲ್‌ನದಲ್ಲ

ಪ್ರಿಯ ಗೆಳೆಯ,

ಡೆಟ್ರಾಯಿಟ್‌ನಲ್ಲಿ ಒಂದು ಚಳಿಗಾಲ ಕಳೆಯುವಷ್ಟರಲ್ಲೇ ನೀನು ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಲಯನ್ಸ್‌ನ ಪಕ್ಷ ಸೇರಿಬಿಟ್ಟೆ ಎಂಬುದು ನಿನ್ನ ಸಂದೇಶ ಓದುತ್ತಲೇ ತಿಳಿಯಿತು. ನಮ್ಮ ಸಿನ್ಸಿನಾಟಿಯ ಬೆಂಗಾಲ್ಸ್ ತಂಡದವರು ಬೇಡವೆಂದು ಬಿಟ್ಟ ಪೆನೈ ಸೂವೆಲ್ ನಿಮ್ಮಲ್ಲಿ ಮೆರೆಯುತ್ತಿದ್ದಾನೆ, ಚೆಂಡು ಎಸೆದು ಆಟ ನಡೆಸುವ ನಮ್ಮ ಕ್ವಾರ್ಟರ್‌ಬ್ಯಾಕ್ ಜೋ ಬರೋ ಮಾತ್ರ ಶಸ್ತ್ರಚಿಕಿತ್ಸಕರ ಮನೆಗೆ ನೆಂಟನಾಗಿದ್ದಾನೆ ಎಂದು ಚುಚ್ಚಿದ್ದೀಯ. ಇದು ನಿನ್ನ ಕಚೇರಿಯವರು ಹೇಳಿಕೊಟ್ಟ ಮಾತು ಎಂದು ನನಗೆ ಗೊತ್ತು. ಇಲ್ಲಿ ಈ ಮಾತನ್ನು 2021ರಿಂದ ಕೇಳುತ್ತಿದ್ದೇವೆ. ಉತ್ತರ ಎರಡು ಸಾಲಿನಲ್ಲಿ ಮುಗಿಯುವುದಿಲ್ಲ, ಆದ್ದರಿಂದ ಪತ್ರವನ್ನೇ ಬರೆಯುತ್ತಿದ್ದೇನೆ. ಈ ಆಟಕ್ಕೆ ಹೊಸಬರಾದ ನಮ್ಮವರು ಇನ್ನೂ ಕೆಲವರು ಓದಿಕೊಳ್ಳಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಮೊದಲು ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಂತು ಅವನನ್ನು ಕಾಯುವ ಐದು ಜನರ, ಅಂದರೆ ಲೈನ್‌ಮನ್‌ಗಳ ಬಗ್ಗೆ. ನಡುವೆ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಹೊರತುದಿಯಲ್ಲಿ ಟ್ಯಾಕಲ್‌ಗಳು. ಒಬ್ಬೊಬ್ಬನೂ ಸುಮಾರು 140 ಕಿಲೋ ತೂಗುತ್ತಾನೆ. ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಡುವ ಸೆಂಟರ್ ಒಬ್ಬನನ್ನು ಬಿಟ್ಟರೆ ಉಳಿದವರಿಗೆ ಪಂದ್ಯವಿಡೀ ಚೆಂಡಿನ ಸೋಂಕೇ ಇಲ್ಲ. ರಿಸೀವರ್‌ಗೆ ಹಿಡಿದ ಪಾಸ್‌ಗಳ ಲೆಕ್ಕವಿದೆ, ಓಡುವವನಿಗೆ ಗಜಗಳ ಲೆಕ್ಕವಿದೆ. ಲೈನ್‌ಮನ್ ಹೆಸರು ಧ್ವನಿವರ್ಧಕದಲ್ಲಿ ಕೇಳಿಬರುವುದು ಅವನು ಎದುರಾಳಿಯ ಅಂಗಿ ಹಿಡಿದು ಹತ್ತು ಗಜದ ದಂಡ ತಂದಾಗ, ಇಲ್ಲವೇ ಅವನನ್ನು ದಾಟಿ ಬಂದವನು ಕ್ವಾರ್ಟರ್‌ಬ್ಯಾಕನ್ನು ಕೆಡವಿದಾಗ. ಅಭಿಮಾನಿಗಳು ಇವರ ಬಗ್ಗೆ ಇಷ್ಟು ಜಗಳವಾಡುವುದಕ್ಕೆ ಇದೂ ಒಂದು ಕಾರಣ: ಅಳೆಯಲು ಬರದ ವಿಷಯದಲ್ಲಿ ಯಾರನ್ನೂ ಸೋಲಿಸಿ ಬಾಯಿ ಮುಚ್ಚಿಸಲು ಆಗುವುದಿಲ್ಲ.

2020ರ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಸಭೆ) ಮೊದಲ ಆಯ್ಕೆಯಾಗಿ ಬರೋ ಬಂದ. ಹತ್ತು ಪಂದ್ಯಗಳಲ್ಲಿ 32 ಬಾರಿ ಅವನನ್ನು ಕೆಡವಿದರು. ನವೆಂಬರ್ 22ರಂದು ವಾಷಿಂಗ್ಟನ್ ತಂಡದ ಎದುರು, ಎಡ ಗಾರ್ಡ್‌ನನ್ನು ಹಿಂದಕ್ಕೆ ತಳ್ಳಿಕೊಂಡು ಬಂದವರು ಬರೋನ ಎಡ ಕಾಲಿನ ಮೇಲೆ ಬಿದ್ದರು. ಮಂಡಿಯ ಎರಡು ಅಸ್ಥಿರಜ್ಜುಗಳು ಹರಿದವು. (ಆ ಗಾರ್ಡ್‌ನ ಹೆಸರು ಮೈಕೆಲ್ ಜೋರ್ಡನ್. ಹೆಸರಿಗೆ ತಕ್ಕ ಅದೃಷ್ಟ ಎಲ್ಲರಿಗೂ ಇರುವುದಿಲ್ಲ ನೋಡು.) ಮುಂದಿನ ವಸಂತದಲ್ಲಿ ನಮಗೆ ಐದನೇ ಆಯ್ಕೆ. ಒರೆಗನ್‌ನ ಟ್ಯಾಕಲ್ ಸೂವೆಲ್ ಇನ್ನೂ ಉಳಿದಿದ್ದ. ಬರೋ ಜೊತೆ ಲೂಸಿಯಾನಾದ ಎಲ್‌ಎಸ್‌ಯು ವಿಶ್ವವಿದ್ಯಾಲಯದಲ್ಲಿ ಆಡಿದ್ದ ರಿಸೀವರ್ ಜಮಾರ್ ಚೇಸ್ ಕೂಡ ಉಳಿದಿದ್ದ. ಮಂಡಿ ಮುರಿದುಕೊಂಡವನಿಗೆ ಕಾವಲುಗಾರನನ್ನು ತರಬೇಕೋ, ಗೆಳೆಯನನ್ನು ತರಬೇಕೋ? ನಮ್ಮವರು ಚೇಸ್‌ನನ್ನು ತಂದರು. ಎರಡು ಆಯ್ಕೆಗಳ ನಂತರ ಏಳನೆಯವನಾಗಿ ಸೂವೆಲ್ ನಿಮ್ಮೂರಿಗೆ ಹೋದ.

ಚೇಸ್ ಆ ವರ್ಷ 81 ಪಾಸ್ ಹಿಡಿದು 1455 ಗಜ, 13 ಟಚ್‌ಡೌನ್ ಗಳಿಸಿ ಆಕ್ರಮಣ ವಿಭಾಗದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡ. ಬೆಂಗಾಲ್ಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ತಲುಪಿತು. ಅದೇ ವರ್ಷ ಲೀಗ್ ಪಂದ್ಯಗಳಲ್ಲಿ ಬರೋನನ್ನು 51 ಬಾರಿ ಕೆಡವಿದರು, ನಾಕೌಟ್‌ನಲ್ಲಿ ಇನ್ನೂ 19 ಬಾರಿ. ನ್ಯಾಶ್‌ವಿಲ್‌ನಲ್ಲಿ ಟೈಟನ್ಸ್ ಎದುರು ಒಂದೇ ಪಂದ್ಯದಲ್ಲಿ ಒಂಬತ್ತು ಸ್ಯಾಕ್ (ಹೀಗೆ ಕೆಡವುವುದಕ್ಕೆ ಇದೇ ಹೆಸರು)! ಆದರೂ 19-16ರಿಂದ ಗೆದ್ದೆವು. ಹೀಗೆ ಚೇಸ್ ಬೇಕಿತ್ತು ಎನ್ನುವವರು, ಸೂವೆಲ್ ಬೇಕಿತ್ತು ಎನ್ನುವವರು, ಎರಡೂ ಪಕ್ಷದವರಿಗೆ ಜೀವಮಾನಕ್ಕಾಗುವಷ್ಟು ಸಾಕ್ಷ್ಯ ಒಂದೇ ವರ್ಷದಲ್ಲಿ ಸಿಕ್ಕಿತು.

2022ರ ಫೆಬ್ರುವರಿ 13ರ ಸೂಪರ್ ಬೌಲ್‌ನ ಕೊನೆಯ ಆಟವನ್ನು ನೀನು ಒಮ್ಮೆ ಹುಡುಕಿ ನೋಡಲೇಬೇಕು. ರ‍್ಯಾಮ್ಸ್ (ಲಾಸ್ ಏಂಜಲೀಸ್‌ನ ತಂಡ) 23, ನಾವು 20. ಮುಕ್ಕಾಲು ನಿಮಿಷವೂ ಉಳಿದಿಲ್ಲ. ನಾಲ್ಕನೇ, ಅಂದರೆ ಕೊನೆಯ ಯತ್ನ, ಬೇಕಿರುವುದು ಒಂದೇ ಗಜ. ಚೆಂಡು ಬರೋನ ಕೈಗೆ ಬಂದ ಕೂಡಲೇ ಎದುರಾಳಿ ಆರನ್ ಡೊನಾಲ್ಡ್ ಎಡ ಗಾರ್ಡ್‌ನ ಭುಜದ ಪಕ್ಕದಿಂದ ನುಸುಳಿ ಒಳಗೆ ಬಂದ. ಬರೋನನ್ನು ಹಿಡಿದು ಬುಗುರಿಯಂತೆ ತಿರುಗಿಸಿದ. ಬೀಳುತ್ತ ಬೀಳುತ್ತಲೇ ಬರೋ ಚೆಂಡನ್ನು ಎಸೆದ, ಅದು ಯಾರ ಕೈಗೂ ಸಿಗದೆ ನೆಲ ಸೇರಿತು. ಈಗ ಅದೇ ಆಟವನ್ನು ಇನ್ನೊಮ್ಮೆ ಹಾಕಿ ಅಂಚಿನ ಕಡೆ ನೋಡು. ಚೇಸ್ ತನ್ನ ಕಾವಲಿಗಿದ್ದ ಜೇಲನ್ ರ‍್ಯಾಮ್ಸಿಯನ್ನು ಹಿಂದೆ ಹಾಕಿ ಒಬ್ಬನೇ ಓಡುತ್ತಿದ್ದಾನೆ. ಇನ್ನೊಂದು ಸೆಕೆಂಡ್ ಸಿಕ್ಕಿದ್ದರೆ! ಸೂವೆಲ್ ಪಕ್ಷದವರು ಈ ದೃಶ್ಯವನ್ನು ತಾಳೆಗರಿಯಂತೆ ಕಾಪಾಡಿಟ್ಟುಕೊಂಡಿದ್ದಾರೆ. ಆದರೆ ಒಂದನ್ನು ಮರೆಯುತ್ತಾರೆ. ಡೊನಾಲ್ಡ್ ನುಸುಳಿದ್ದು ಗಾರ್ಡ್‌ನ ಜಾಗದಲ್ಲಿ, ಸೂವೆಲ್ ಟ್ಯಾಕಲ್. ಅವನು ನಮ್ಮಲ್ಲಿದ್ದರೂ ಆ ಕ್ಷಣದಲ್ಲಿ ಹೊರತುದಿಯಲ್ಲಿ ಇನ್ನೊಬ್ಬನನ್ನು ತಡೆಯುತ್ತ ನಿಂತಿರುತ್ತಿದ್ದ.

ಆದ್ದರಿಂದ ನಾನು ಎರಡೂ ಪಕ್ಷಕ್ಕೆ ಸೇರಿದವನಲ್ಲ. ನನ್ನ ಸಿಟ್ಟೆಲ್ಲ 2017ರ ಮಾರ್ಚ್ ತಿಂಗಳ ಮೇಲೆ.

ಆಗ ಬೆಂಗಾಲ್ಸ್‌ನ ಎಡ ಟ್ಯಾಕಲ್ ಆಂಡ್ರ್ಯೂ ವಿಟ್‌ವರ್ತ್. ಹನ್ನೊಂದು ವರ್ಷ ಇಲ್ಲೇ ಆಡಿದವನು, 2015ರಲ್ಲಿ ಆಲ್-ಪ್ರೊ, ಅಂದರೆ ಆ ವರ್ಷದ ಶ್ರೇಷ್ಠರ ಪಟ್ಟಿಯಲ್ಲಿದ್ದವನು. ವಯಸ್ಸು 35 ಆಗಿತ್ತು ನಿಜ. ಬಲ ಗಾರ್ಡ್ ಕೆವಿನ್ ಝೈಟ್ಲರ್ 2012ರ ಮೊದಲ ಸುತ್ತಿನ ಆಯ್ಕೆ, ಪ್ರಾಯದ ಬಲದಲ್ಲಿದ್ದವನು. ಇಬ್ಬರ ಒಪ್ಪಂದವೂ ಒಟ್ಟಿಗೆ ಮುಗಿಯಿತು, ಇಬ್ಬರೂ ಒಂದೇ ವಾರದಲ್ಲಿ ಹೊರಟುಹೋದರು. ಝೈಟ್ಲರ್‌ಗೆ ಕ್ಲೀವ್‌ಲ್ಯಾಂಡ್ ಐದು ವರ್ಷಕ್ಕೆ 6 ಕೋಟಿ ಡಾಲರ್ ಕೊಟ್ಟಿತು. ವಿಟ್‌ವರ್ತ್ ಲಾಸ್ ಏಂಜಲೀಸ್‌ಗೆ ಹೋದ. ಹೋದ ಮೊದಲ ವರ್ಷವೇ ಮತ್ತೆ ಆಲ್-ಪ್ರೊ ಆದ. ಹಿಂದಿನ ವರ್ಷ 4 ಪಂದ್ಯ ಗೆದ್ದಿದ್ದ ರ‍್ಯಾಮ್ಸ್ ಆ ವರ್ಷ 11 ಗೆದ್ದಿತು. ಇತ್ತ ನಮ್ಮವರು ಇಂಥ ದಿನಕ್ಕೆಂದೇ 2015ರಲ್ಲಿ ಮೊದಲ ಎರಡು ಸುತ್ತುಗಳಲ್ಲಿ ಇಬ್ಬರು ಟ್ಯಾಕಲ್‌ಗಳನ್ನು ಆರಿಸಿಟ್ಟಿದ್ದರು, ಸೆಡ್ರಿಕ್ ಒಗ್ಬುಯೆಹಿ ಮತ್ತು ಜೇಕ್ ಫಿಶರ್. ಇಬ್ಬರೂ ನೆಲೆಯೂರಲಿಲ್ಲ, 2018ರ ಸೀಸನ್ ಮುಗಿದ ಮೇಲೆ ತಂಡದಲ್ಲಿ ಉಳಿಯಲೂ ಇಲ್ಲ. 2018ರ ಮೊದಲ ಸುತ್ತಿನ ಸೆಂಟರ್ ಬಿಲ್ಲಿ ಪ್ರೈಸ್‌ನದೂ ಅದೇ ಕಥೆ. ಅವನನ್ನು ಕೊಟ್ಟು ತಂದ ಬಿ.ಜೆ. ಹಿಲ್ ರಕ್ಷಣೆಯಲ್ಲಿ ಚೆನ್ನಾಗಿ ಆಡಿದ ಎಂಬುದು ಒಂದು ಸಮಾಧಾನ.

ಈಗ ಆ ಸೂಪರ್ ಬೌಲ್‌ಗೆ ಮರಳಿ ಬಾ. ಎದುರು ತಂಡದ ಎಡ ಟ್ಯಾಕಲ್ ಯಾರು? ಅದೇ ವಿಟ್‌ವರ್ತ್, 40ರ ಹರೆಯದಲ್ಲಿ! ನಾವು ಮುದುಕನಾದ ಎಂದುಕೊಂಡು ಕಳಿಸಿದವನು ಐದು ವರ್ಷ ಆಡಿ, ನಮ್ಮನ್ನೇ ಸೋಲಿಸಿ, ಉಂಗುರ ತೊಟ್ಟು ನಿವೃತ್ತನಾದ. ಸೂವೆಲ್ ಹೆಸರು ಹೇಳಿದರೆ ನನಗೆ ಏನೂ ಅನ್ನಿಸುವುದಿಲ್ಲ. ಇದು ಮಾತ್ರ ಹೊಟ್ಟೆ ಉರಿಸುತ್ತದೆ.

ಒಬ್ಬನನ್ನು ಕಳೆದುಕೊಂಡರೆ ಇನ್ನೊಬ್ಬನನ್ನು ತರಬಹುದಲ್ಲ ಎಂದು ನೀನು ಕೇಳಬಹುದು. ಇಲ್ಲೇ ಇರುವುದು ವಿಷಯ. ಎದುರಾಳಿಗಳು ನೇರವಾಗಿ ನುಗ್ಗುವುದು ಕಡಿಮೆ. ಇಬ್ಬರು ಒಟ್ಟಿಗೆ ಹೊರಟು ನಡುವೆ ಅಡ್ಡಹಾಯ್ದು ಜಾಗ ಬದಲಿಸುತ್ತಾರೆ. ಇದಕ್ಕೆ ಸ್ಟಂಟ್ ಎನ್ನುತ್ತಾರೆ. ಆಗ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ಒಪ್ಪಿಸಿ, ಟ್ಯಾಕಲ್ ಬಿಟ್ಟವನನ್ನು ತಾನು ಹಿಡಿಯಬೇಕು. ಇದಕ್ಕೆ ಅರ್ಧ ಸೆಕೆಂಡ್ ಕೂಡ ಸಿಗುವುದಿಲ್ಲ. ಮಾತಾಡಲು ಸಮಯವಿಲ್ಲ, ಎದುರಾಳಿಯ ಊರಿನಲ್ಲಾದರೆ ಕೂಗಿದರೂ ಕೇಳುವುದಿಲ್ಲ. ಅಲ್ಲಿ ಗಾರ್ಡ್ ತಿರುಗಿ ಕ್ವಾರ್ಟರ್‌ಬ್ಯಾಕನ್ನು ನೋಡಿ, ಸಿದ್ಧನಾದ ಸನ್ನೆ ಕಂಡ ಮೇಲೆ ಸೆಂಟರ್‌ನನ್ನು ತಟ್ಟುತ್ತಾನೆ. ಟ್ಯಾಕಲ್‌ಗಳು ಓರೆಗಣ್ಣಿನಲ್ಲಿ ಚೆಂಡನ್ನು ನೋಡಿಕೊಂಡು ಅದು ಅಲುಗಿದೊಡನೆ ಮೇಲೇಳುತ್ತಾರೆ. ಪಕ್ಕದವನ ಪಾದ ಎಲ್ಲಿ ಬೀಳುತ್ತದೆ, ಅವನು ಯಾವಾಗ ಕೈ ಬಿಡುತ್ತಾನೆ ಎಂಬುದು ಜೊತೆಗೆ ಆಡಿ ಆಡಿ ಮೈಗೆ ಬರಬೇಕಾದ ವಿದ್ಯೆ. ಅದನ್ನು ಕಲಿಯಲು ಸಮಯವೂ ಕಡಿಮೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಇಡೀ ಲೀಗ್ ಸೀಸನ್‌ನಲ್ಲಿ ಪೂರ್ತಿ ಕವಚ ತೊಟ್ಟು ಅಭ್ಯಾಸ ಮಾಡಲು ಸಿಗುವುದು 14 ಬಾರಿ ಮಾತ್ರ. ಆಟಗಾರರ ಮೈಗೆ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಾಲೇಜಿನಿಂದ ಹಸಿಹಸಿಯಾಗಿ ಬಂದ ಹುಡುಗನನ್ನು ತಿದ್ದಿ ನಿಲ್ಲಿಸುತ್ತೇವೆ ಎಂಬ ಭರವಸೆ ಈಗ ಮೊದಲಿನಷ್ಟು ಸುಲಭದ್ದಲ್ಲ. ಪಳಗಿದವರನ್ನು ಕಳಿಸುವ ಮೊದಲು ಇದನ್ನು ಯೋಚಿಸಬೇಕಿತ್ತು.

ನಮ್ಮವರು ಮಾಡಿದ್ದು ಹಳೆಯ ಮನೆಯ ಮಾಡಿನಲ್ಲಿ ಆ ಮಳೆಗಾಲ ಎಲ್ಲಿ ಸೋರಿತೋ ಅಲ್ಲಿಯ ಹೆಂಚನ್ನಷ್ಟೇ ಬದಲಿಸುವ ಕೆಲಸ. ಕ್ಯಾನ್ಸಸ್ ಸಿಟಿಯವರು ಏನು ಮಾಡಿದರು ನೋಡು. 2021ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಅವರ ಟ್ಯಾಕಲ್‌ಗಳಿಬ್ಬರೂ ಗಾಯದಿಂದ ಹೊರಗಿದ್ದರು. ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಪಂದ್ಯವಿಡೀ ಜೀವ ಉಳಿಸಿಕೊಳ್ಳಲು ಓಡಿದ, ಟ್ಯಾಂಪಾ ಬೇ ಎದುರು 31-9ರಿಂದ ಸೋತರು. ತಿಂಗಳೊಂದು ಕಳೆಯುತ್ತಲೇ ಆ ಇಬ್ಬರನ್ನೂ ಬಿಡುಗಡೆ ಮಾಡಿ, ಆಮೇಲೆ ಗಾರ್ಡ್ ಜೋ ಥೂನಿಗೆ ಐದು ವರ್ಷಕ್ಕೆ 8 ಕೋಟಿ ಡಾಲರ್ ಕೊಟ್ಟು, ಟ್ಯಾಕಲ್ ಒರ್ಲ್ಯಾಂಡೊ ಬ್ರೌನ್‌ನನ್ನು ಬಾಲ್ಟಿಮೋರ್‌ನಿಂದ ತಂದು, ಡ್ರಾಫ್ಟ್‌ನಲ್ಲಿ 63ನೆಯವನಾಗಿ ಸೆಂಟರ್ ಕ್ರೀಡ್ ಹಂಫ್ರಿಯನ್ನೂ ಆರನೇ ಸುತ್ತಿನಲ್ಲಿ ಗಾರ್ಡ್ ಟ್ರೇ ಸ್ಮಿತ್‌ನನ್ನೂ ಹಿಡಿದರು. ಅದೇ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ನಮ್ಮವರು 38ರಿಂದ 46ಕ್ಕೆ ಹಿಂದೆ ಸರಿದು ಲೈನ್‌ಮನ್ ಜ್ಯಾಕ್ಸನ್ ಕಾರ್ಮನ್‌ನನ್ನು ಆರಿಸಿದರು. ಹಂಫ್ರಿ ಇನ್ನೂ ಅಲ್ಲೇ ಇದ್ದ! ಚೇಸ್‌ನನ್ನು ತಂದದ್ದು ತಪ್ಪಲ್ಲ ಎನ್ನುವ ನಾನು, ಈ 46ನೇ ಆಯ್ಕೆಯನ್ನು ಮಾತ್ರ ಮನ್ನಿಸಲಾರೆ.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಈ ಚರ್ಚೆ ಎಂದರೆ ತಾತ್ಸಾರ. ಅವರ ಪ್ರಕಾರ ಈಗಿನವರು ಲೈನ್‌ಮನ್‌ಗಳೇ ಅಲ್ಲ. 1982ರ ಜನವರಿ 10ರ ಪಂದ್ಯವನ್ನು ಅವರು ನದಿದಂಡೆಯ ಹಳೆಯ ಕ್ರೀಡಾಂಗಣದಲ್ಲಿ ಕೂತು ನೋಡಿದವರು. ಸೊನ್ನೆಗಿಂತ 23 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ, ಮೇಲೆ ಗಾಳಿ ಬೇರೆ. ಸ್ಯಾನ್ ಡಿಯಾಗೊದಿಂದ ಬಂದವರು ನಡುಗುತ್ತಿದ್ದರೆ, ಆಂಟನಿ ಮುನೋಜ್ ಮತ್ತು ಅವನ ಜೊತೆಯ ಲೈನ್‌ಮನ್‌ಗಳು ತೋಳಿಲ್ಲದ ಅಂಗಿ ತೊಟ್ಟು ಬರಿಗೈಯಲ್ಲಿ ಮೈದಾನಕ್ಕೆ ಇಳಿದರಂತೆ. 27-7ರಿಂದ ಗೆದ್ದರು. ಮುನೋಜ್‌ನನ್ನು 1980ರಲ್ಲಿ ಮೂರನೇ ಆಯ್ಕೆಯಾಗಿ ತಂದಾಗ ಅವನ ಮಂಡಿಗೆ ಆಗಲೇ ಶಸ್ತ್ರಚಿಕಿತ್ಸೆಗಳಾಗಿದ್ದವು, ಅನುಮಾನಪಟ್ಟವರೇ ಹೆಚ್ಚು. ಅವನು ಸತತ 11 ಬಾರಿ, ವರ್ಷದ ಉತ್ತಮ ಆಟಗಾರರಿಗೆಂದೇ ಇದ್ದ ಪ್ರೊ ಬೌಲ್‌ಗೆ ಆಯ್ಕೆಯಾದ. ಇಂಥವನು ಆಡಿದ ಊರಿನಲ್ಲಿ ಲೈನ್ ಸೋರುತ್ತಿದೆ ಎಂದರೆ ಹಿರಿಯರಿಗೆ ಸಿಟ್ಟು ಬರದೆ ಇರುತ್ತದೆಯೇ?

ಬರೋನದೇ ತಪ್ಪು, ಅವನು ಚೆಂಡನ್ನು ಬಹಳ ಹೊತ್ತು ಹಿಡಿದುಕೊಳ್ಳುತ್ತಾನೆ ಎನ್ನುವ ಇನ್ನೊಂದು ಗುಂಪಿದೆ. ಅವರ ಮಾತಿನಲ್ಲೂ ಹುರುಳಿದೆ, ನ್ಯಾಶ್‌ವಿಲ್‌ನ ಒಂಬತ್ತರಲ್ಲಿ ಕೆಲವು ಅವನ ಖಾತೆಗೇ ಸೇರಬೇಕು. ಅಷ್ಟು ಸಾಕು, ಮುಂದೆ ಹೋಗೋಣ.

2022ರಲ್ಲಿ ನಮ್ಮವರು ಎಚ್ಚೆತ್ತು ಟೆಡ್ ಕ್ಯಾರಸ್, ಅಲೆಕ್ಸ್ ಕ್ಯಾಪಾ, ಲಯೆಲ್ ಕಾಲಿನ್ಸ್ ಎಂಬ ಮೂವರು ಲೈನ್‌ಮನ್‌ಗಳನ್ನೂ ಒಟ್ಟಿಗೆ ತಂದರು. ಹೊಸಬರು ಒಬ್ಬರಿಗೊಬ್ಬರು ಒಗ್ಗದ ಮೊದಲ ಎರಡು ಪಂದ್ಯಗಳಲ್ಲೇ 13 ಸ್ಯಾಕ್. ಆಮೇಲೆ ಹದ ಕೂಡಿತು, ಗೆಲುವೂ ಬಂತು. ಅಷ್ಟರಲ್ಲಿ ಕಾಲಿನ್ಸ್ ಬಿದ್ದ, ಕ್ಯಾಪಾ ಬಿದ್ದ, ನಾಕೌಟ್‌ನ ಮೊದಲ ಪಂದ್ಯದಲ್ಲಿ ಎಡ ಟ್ಯಾಕಲ್ ಜೋನಾ ವಿಲಿಯಮ್ಸ್‌ನ ಮಂಡಿಚಿಪ್ಪು ಸರಿಯಿತು. ಬದಲಿ ಆಟಗಾರರನ್ನಿಟ್ಟುಕೊಂಡು ಬಫಲೋದ ಹಿಮದಲ್ಲಿ ಗೆದ್ದರು. ಕ್ಯಾನ್ಸಸ್ ಸಿಟಿಯಲ್ಲಿ 23-20ರಿಂದ ಸೋತರು.

ಆ ಜೋನಾ ವಿಲಿಯಮ್ಸ್ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನು ಆಡುತ್ತೇನೆ. 2019ರ ಮೊದಲ ಸುತ್ತಿನ ಆಯ್ಕೆ, ದೊಡ್ಡ ಪ್ರತಿಭೆಯಲ್ಲ, ಆದರೆ ಕೆಲಸಗಾರ. ತಂಡಕ್ಕಾಗಿ ಆಡುತ್ತಲೇ ಗಾಯಗೊಂಡ. ಎರಡು ತಿಂಗಳಲ್ಲಿ ಅವನ ಜಾಗಕ್ಕೆ ಒರ್ಲ್ಯಾಂಡೊ ಬ್ರೌನ್‌ನನ್ನು ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರ್ ಕೊಟ್ಟು ತಂದರು. ತಂಡದ ದೃಷ್ಟಿಯಿಂದ ಸರಿಯೇ, ನಾನೇ ಚಪ್ಪಾಳೆ ತಟ್ಟಿದ್ದೆ. ವಿಲಿಯಮ್ಸ್ ಬೇರೆ ತಂಡಕ್ಕೆ ಕಳಿಸಿ ಎಂದು ಕೇಳಿದ. ಕಳಿಸಲಿಲ್ಲ. ಅಭಿಮಾನಿಗಳು ಅವನನ್ನು ಅಹಂಕಾರಿ ಎಂದರು. ಅವನು ತೆಪ್ಪಗೆ ಬಲಬದಿಗೆ ಹೋಗಿ, ಎಡಗಾಲು ಹಿಂದಿಟ್ಟು ಮಾಡುತ್ತಿದ್ದ ಕೆಲಸವನ್ನೆಲ್ಲ ಬಲಗಾಲು ಹಿಂದಿಟ್ಟು ಕಲಿತು, ಆ ವರ್ಷ ಆಡಿ, ಆಮೇಲೆ ಅರಿಜೋನಾಕ್ಕೆ ಹೋದ. ಗೊಣಗಿದ್ದನ್ನು ನೆನಪಿಟ್ಟವರು, ಆಡಿದ್ದನ್ನೂ ಸ್ವಲ್ಪ ನೆನಪಿಡಬಹುದಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಬರೋ ಮತ್ತೆ ಬಿದ್ದ. ಈ ಬಾರಿ ಕಾಲಿನ ಹೆಬ್ಬೆರಳು, ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಅದೇ ಜಗಳ ಮೊದಲಿನಿಂದ. ನಿನ್ನ ಚುಚ್ಚುಮಾತು ಅಲ್ಲಿಂದಲೇ ಬಂದಿರಬೇಕು.

ಸೂವೆಲ್ ಈಗ ಲೀಗ್‌ನ ಅತ್ಯುತ್ತಮ ಟ್ಯಾಕಲ್‌ಗಳಲ್ಲಿ ಒಬ್ಬ ಎಂಬುದನ್ನು ಒಪ್ಪುತ್ತೇನೆ. 2024ರಲ್ಲಿ ನಿಮ್ಮವರು ಅವನಿಗೆ ನಾಲ್ಕು ವರ್ಷಕ್ಕೆ 11.2 ಕೋಟಿ ಡಾಲರ್ ಬರೆದುಕೊಟ್ಟದ್ದು ನ್ಯಾಯವೇ. ಆದರೆ ಆ ವರ್ಷ ನಿಮ್ಮ ತಂಡ 15 ಪಂದ್ಯ ಗೆದ್ದಾಗ ಸೂವೆಲ್‌ನ ಪಕ್ಕದಲ್ಲಿ ಬಲ ಗಾರ್ಡ್ ಆಗಿ ನಿಂತಿದ್ದವನು ಯಾರೆಂದು ಕಚೇರಿಯವರನ್ನು ಕೇಳು. 2017ರಲ್ಲಿ ನಾವು ಹೋಗಗೊಟ್ಟ ಅದೇ ಝೈಟ್ಲರ್. ಆಮೇಲೆ ನಿಮ್ಮವರೂ ಅವನನ್ನು ಉಳಿಸಿಕೊಳ್ಳಲಿಲ್ಲ, ಟೆನೆಸ್ಸಿಗೆ ಹೋದ. 2025ರ ಜೂನ್‌ನಲ್ಲಿ ಸೆಂಟರ್ ಫ್ರ್ಯಾಂಕ್ ರ‍್ಯಾಗ್ನೋ 29ಕ್ಕೇ ನಿವೃತ್ತಿ ಹೇಳಿದ. ಸೂವೆಲ್ ಅಲ್ಲೇ ಇದ್ದಾನೆ, ಪಕ್ಕದವರು ಬದಲಾದರು. ಹಳೆಯ ಪಂದ್ಯಗಳ ದೃಶ್ಯ ನಿನಗೆ ಸುಲಭವಾಗಿ ಸಿಗುತ್ತವೆ. 2024ರದೊಂದು, 2025ರದೊಂದು ಪಂದ್ಯ ಹಾಕಿಕೊಂಡು, ಚೆಂಡಿನ ಕಡೆ ನೋಡದೆ, ನಡುವಿನ ಮೂವರನ್ನಷ್ಟೇ ನೋಡು. ನಿಮ್ಮ ಕ್ವಾರ್ಟರ್‌ಬ್ಯಾಕ್ ಗಾಫ್‌ನ ಎದುರಿನ ಜಾಗ ಮೊದಲಿನಂತೆಯೇ ಇದೆಯೇ? ನಿನಗೇನು ಕಂಡಿತು ಎಂದು ಬರೆ. ಕಚೇರಿಯವರಿಗೇನು ಕಂಡಿತು ಎಂಬುದು ಬೇಡ.

ಮನೆಯವರಿಗೆಲ್ಲ ನಮ್ಮ ನೆನಕೆ ತಿಳಿಸು.

ನಿನ್ನವ,
ಸಿನ್ಸಿನಾಟಿಯಿಂದ