ಪಿ.ಟಿ.ಸಿ.ಎಲ್. ಕಾಯ್ದೆ: ವಿಳಂಬದ ಮಾತು ಸ್ಪಷ್ಟವಾಗಲಿ

ಮಾನ್ಯರೆ,

ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನು ಮಂಜೂರಾತಿಯ ಷರತ್ತು ಮೀರಿ ಪರಭಾರೆಯಾಗಿದ್ದರೆ, ಆ ಕ್ರಯ 1978ರ ಪಿ.ಟಿ.ಸಿ.ಎಲ್. (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ ಬರುವುದಕ್ಕೆ ಮುಂಚಿನದಾದರೂ ಅಸಿಂಧುವೆಂದು ಅದರ 4ನೇ ಕಲಂ ಹೇಳುತ್ತದೆ. ಜಮೀನು ಬಿಡಿಸಿಕೊಡಿ ಎಂದು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಲು 5ನೇ ಕಲಂ ಇದೆ. ಎಷ್ಟು ವರ್ಷದೊಳಗೆ ಎಂಬುದು ಮಾತ್ರ ಅಲ್ಲಿರಲಿಲ್ಲ. ಕಾಯ್ದೆ ಸುಮ್ಮನಿದ್ದ ಆ ಜಾಗದಲ್ಲಿ ಸುಪ್ರೀಂ ಕೋರ್ಟ್ 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅರ್ಜಿ ‘ಸಮಂಜಸ ಅವಧಿ’ಯೊಳಗೆ ಬರಬೇಕೆಂದು ಓದಿಕೊಂಡಿತು. ಅಲ್ಲಿಂದ ಮುಂದೆ ಎಷ್ಟೋ ಅರ್ಜಿಗಳು ತಡವಾಯಿತೆಂಬ ಒಂದೇ ಕಾರಣಕ್ಕೆ ಬಿದ್ದುಹೋದವು.

ಇದನ್ನು ಸರಿಪಡಿಸಲೆಂದೇ ವಿಧಾನಮಂಡಲ 2023ರಲ್ಲಿ ತಿದ್ದುಪಡಿ ತಂದು, ಈ ಕಾಯ್ದೆಗೆ ಕಾಲಮಿತಿ ಇಲ್ಲವೆಂದು ಬರೆಯಿತು. ಆದರೆ ಕಾಲಮಿತಿ ಬೇರೆ, ಅನುಚಿತ ವಿಳಂಬ ಬೇರೆ, ತಿದ್ದುಪಡಿ ಮುಟ್ಟಿರುವುದು ಮೊದಲನೆಯದನ್ನು ಮಾತ್ರ ಎಂದು 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಅಕ್ಷರಕ್ಕಷ್ಟೇ ಅಂಟಿಕೊಂಡರೆ ಈ ಅರ್ಥವನ್ನು ತಪ್ಪೆನ್ನಲಾಗದು. ಕಾಯ್ದೆ ಯಾವ ಕೇಡನ್ನು ತಡೆಯಲು ಹುಟ್ಟಿತೆಂದು ನೋಡಿ ಅದಕ್ಕೆ ಒಪ್ಪುವ ಅರ್ಥ ಹಿಡಿಯಬೇಕೆಂಬ ನಿಯಮವೂ ಇಂಗ್ಲೆಂಡಿನ 1584ರ ಹೇಡನ್ ಪ್ರಕರಣದಿಂದ ನ್ಯಾಯಾಲಯಗಳಿಗೆ ಗೊತ್ತಿರುವುದೇ. ಇಲ್ಲಿನ ಕೇಡು ಬಡತನ ಮತ್ತು ಅನಕ್ಷರತೆ. ವಿಳಂಬ ಹುಟ್ಟುವುದೂ ಅವುಗಳಿಂದಲೇ. ತಾಲ್ಲೂಕು ಕಚೇರಿಯೆದುರು ಪತ್ರ ಬರೆಯುವ ನನ್ನ ಮುಂದೆ ಮಡಿಕೆಗಳಲ್ಲಿ ಹರಿದ ಸಾಗುವಳಿ ಚೀಟಿ (ಜಮೀನು ಮಂಜೂರಾತಿಯ ಪತ್ರ) ಬಿಚ್ಚಿಡುವವರಲ್ಲಿ ಹೆಚ್ಚಿನವರು, ‘ಹದಿನೈದು ವರ್ಷ ಪರಭಾರೆ ಮಾಡತಕ್ಕದ್ದಲ್ಲ’ ಎಂಬ ಸಾಲು ಅದರ ಕೆಳಗಿದೆಯೆಂದು ಕೇಳುವುದೇ ಅಂದು ಮೊದಲ ಸಲ. ಅಂಥವರನ್ನು ‘ಇಷ್ಟು ದಿನ ಏಕೆ ಸುಮ್ಮನಿದ್ದಿರಿ’ ಎಂದು ಕೇಳುವುದು ಕಾಯ್ದೆಯ ಉದ್ದೇಶಕ್ಕೆ ಒಪ್ಪುವ ಓದಲ್ಲವೆಂದು ನನ್ನ ಅಭಿಪ್ರಾಯ.

ಕೈಯಿಂದ ಕೈಗೆ ಹೋದ ಜಮೀನಿನಲ್ಲಿ ಮನೆ ಕಟ್ಟಿಕೊಂಡವರ ಸಂಕಟವೂ ಸುಳ್ಳಲ್ಲ. ಆದರೆ ಷರತ್ತು ಮೀರಿ ಕೊಂಡವರ ಹಕ್ಕು ಮೊದಲಿನಿಂದಲೂ ರದ್ದಾಗಬಹುದಾದಂಥದ್ದೇ ಎಂದು 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿ, ಈ ಕಾಯ್ದೆಯನ್ನು ಎತ್ತಿಹಿಡಿದಿದೆ.

ಹೆಚ್ಚಿನ ತಪ್ಪು 2023ರ ತಿದ್ದುಪಡಿಯ ಕರಡು ಬರೆದವರದು. ಆಕ್ಷೇಪ ಬಂದಿದ್ದೇ ವಿಳಂಬದ ಮೇಲೆ ಎಂದು ಗೊತ್ತಿದ್ದೂ ಆ ಪದವನ್ನೇ ಬಿಟ್ಟು ತಿದ್ದುಪಡಿ ಮಾಡಿದರೆ, ಸದನದಲ್ಲಿ ಮಂತ್ರಿಗಳು ಏನೇ ಹೇಳಿದ್ದರೂ ಅದು ಕಲಮಿನ ಕೊರತೆಯನ್ನು ತುಂಬಿಕೊಡುವುದಿಲ್ಲ. ‘ವಿಳಂಬವೊಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸತಕ್ಕದ್ದಲ್ಲ’ ಎಂದು 5ನೇ ಕಲಮಿಗೆ ಸೇರಿಸಲಿ; ಅದು ಬೇಡವೆಂದರೆ ಇಷ್ಟೇ ವರ್ಷವೆಂದು ಧೈರ್ಯವಾಗಿ ಬರೆಯಲಿ. ಅಲ್ಲಿಯವರೆಗೆ ಅರ್ಜಿದಾರರು ತಡವಾದುದರ ಕಾರಣವನ್ನು ಅರ್ಜಿಯಲ್ಲೇ ಬರೆಸುವುದು ಮೇಲು; ನಾನು ನೋಡಿದ ಬಹುತೇಕ ಅರ್ಜಿಗಳಲ್ಲಿ ಆ ಸಾಲೇ ಇರುವುದಿಲ್ಲ.

– ಒಬ್ಬ ಪತ್ರಬರಹಗಾರ, ಮಾಲೂರು, ಕೋಲಾರ ಜಿಲ್ಲೆ