‘ಭಾರಿ ಸೀರೆ’ ‘ಬರೀ ಸೀರೆ’ ಆದದ್ದು

ಮಾನ್ಯ ಸಂಪಾದಕರೇ,

ದಸರಾ ಹತ್ತಿರ ಬರುತ್ತಿದೆ. ಬನ್ನಿ ಮುಡಿಯುವ ದಿನ ಬೆಳಗಾಗುವ ಮೊದಲೇ ಮೊಬೈಲ್‌ಗೆ ಬನ್ನಿ ಎಲೆಯ ಚಿತ್ರಗಳು ಬಂದು ಬೀಳುತ್ತವೆ. ಕಳೆದ ವರ್ಷ ನನಗೂ ಲೆಕ್ಕವಿಲ್ಲದಷ್ಟು ಬಂದಿದ್ದವು. ಬಳಗದಲ್ಲಿ ಎಲೆಯನ್ನೇ ಹಿಡಿದು ಮನೆಗೆ ಬಂದವಳು ನನ್ನ ಅಕ್ಕ ಒಬ್ಬಳೇ. ಅವಳು ಬರದಿದ್ದರೆ ನಾವಿಬ್ಬರೂ ಇವತ್ತಿಗೂ ಮಾತನಾಡುತ್ತಿರಲಿಲ್ಲ. ನಮ್ಮ ಮಾತು ಬಿಡಿಸಿದ್ದು ಎರಡೇ ಪದಗಳ ಒಂದು ಸಂದೇಶ. ಮನೆಯ ಸಂಗತಿಯನ್ನು ಪತ್ರಿಕೆಗೆ ಬರೆಯಬೇಕೇ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ‘ನಾಲ್ಕು ಮನೆಗೆ ಉಪಯೋಗವಾಗಲಿ, ಬರೆ’ ಎಂದು ಅಕ್ಕನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆಯ ನವನಗರದಲ್ಲಿ ಬಟ್ಟೆ ಹೊಲಿಯುತ್ತೇನೆ. ಅಕ್ಕ ಜಮಖಂಡಿಯಲ್ಲಿದ್ದಾಳೆ. ಕಳೆದ ವರ್ಷ ಸಂಕ್ರಾಂತಿ ಮುಗಿದ ಮರುವಾರ ಅವಳ ಸೊಸೆಯ ಕುಬಸದ ಕಾರ್ಯ, ಅಂದರೆ ಬಸುರಿಗೆ ಸೀರೆ, ರವಿಕೆ ಕೊಟ್ಟು ಉಡಿ ತುಂಬುವ ಕಾರ್ಯ, ಇಟ್ಟುಕೊಂಡಿದ್ದರು. ಇಳಕಲ್‌ಗೆ ಹೋಗಿ ಕೆಂಪು ಸೆರಗಿನ ಸೀರೆ ತಂದೆ. ಕುಬಸಕ್ಕೆಂದು ಗುಳೇದಗುಡ್ಡದ ಖಣ ತಂದು ನಾನೇ ಹೊಲಿಯಲು ಕುಳಿತೆ. ಬಸುರಿಗೆ ಬಿಗಿಯಾಗಬಾರದು, ಬಾಣಂತನದಲ್ಲೂ ತೊಡುವಂತಿರಬೇಕು ಎಂದು ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿಯುತ್ತಿದ್ದೆ. ಅದು ಇನ್ನೂ ಯಂತ್ರದ ಮೇಲೆಯೇ ಇದ್ದುದರಿಂದ ಸೀರೆಯ ಫೋಟೊವನ್ನು ಮಾತ್ರ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅಕ್ಕನ ಉತ್ತರ ಇಂಗ್ಲಿಷ್ ಅಕ್ಷರದಲ್ಲಿ ಬಂತು. ಬಿ, ಎ, ಆರ್, ಐ. ಅದರ ಮುಂದೆ ಸೀರೆ.

ನಾನು ‘ಬರೀ ಸೀರೆ’ ಎಂದು ಓದಿಕೊಂಡೆ.

ಕುಬಸದ ಕಾರ್ಯಕ್ಕೆ ಬರೀ ಸೀರೆಯೇ, ಖಣ ಎಲ್ಲಿ ಎಂದು ಇಡೀ ಬಳಗದ ಎದುರು ಕೇಳಿಬಿಟ್ಟಳಲ್ಲ ಎಂದು ಕಣ್ಣು ತುಂಬಿ ಬಂತು. ಅವತ್ತು ತೋಳನ್ನು ಎರಡು ಸಲ ತಪ್ಪಾಗಿ ಜೋಡಿಸಿ ಎರಡು ಸಲ ಬಿಚ್ಚಿದೆ. ಉತ್ತರ ಬರೆಯಲಿಲ್ಲ. ಓದಿಯೂ ಸುಮ್ಮನಿದ್ದೇನೆ ಎಂದು ಅವಳಿಗೆ ಮೊಬೈಲ್ ತೋರಿಸಿತು, ಅವಳು ನೊಂದಳು. ಕಾರ್ಯಕ್ಕೆ ಹೋದೆ, ಉಡಿ ತುಂಬಿದೆ, ಊಟಕ್ಕೆ ಕೂರದೆ ಬಸ್ ಹತ್ತಿದೆ. ಕರೆದ ಮನೆಯಲ್ಲಿ ಊಟ ಮಾಡದೆ ಬರುವುದೆಂದರೆ ನಮ್ಮ ಕಡೆ ಏನೆಂದು ನಿಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಮಗು ಹುಟ್ಟಿದ ಸುದ್ದಿಯನ್ನು ಗುಂಪಿನಲ್ಲಿ ಓದಿದೆ. ಅಕ್ಕ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ತೊಟ್ಟಿಲ ಕಾರ್ಯಕ್ಕೆ ಮಗನನ್ನು ಕಳಿಸಿ ಮನೆಯಲ್ಲೇ ಉಳಿದೆ.

ವಿಜಯದಶಮಿಯ ಸಂಜೆ ಅಕ್ಕ ಮೊಮ್ಮಗನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬನ್ನಿ ಕೊಟ್ಟು ‘ಬಂಗಾರದಂತೆ ಇರೋಣ’ ಎಂದಳು. ಕಾಲಿಗೆ ನಮಸ್ಕರಿಸಿದೆ. ‘ನನ್ನಿಂದ ಏನು ತಪ್ಪಾಯಿತು, ಅದನ್ನಾದರೂ ಹೇಳು’ ಎಂದಳು. ನಾನು ಮೊಬೈಲ್ ತೆಗೆದು ಆ ಸಂದೇಶ ತೋರಿಸಿದೆ. ಅವಳು ಚಾಳೀಸು ಹಾಕಿಕೊಂಡು ಗಟ್ಟಿಯಾಗಿ ಓದಿದಳು: ‘ಭಾರಿ ಸೀರೆ’. ಯಾವುದನ್ನೇ ಆಗಲಿ ಬಾಯಿ ತುಂಬ ಹೊಗಳಬೇಕಾದರೆ ನಮ್ಮ ಕಡೆ ‘ಭಾರಿ’ ಎನ್ನುತ್ತೇವೆ. ಒಂಬತ್ತು ತಿಂಗಳು ನಾನು ಎದೆಯಲ್ಲಿಟ್ಟುಕೊಂಡು ಬೆಂದದ್ದು ಅವಳ ಹೊಗಳಿಕೆಯನ್ನು.

ಕನ್ನಡದಲ್ಲಿ ಬರೆದಿದ್ದರೆ ಇದು ಆಗುತ್ತಲೇ ಇರಲಿಲ್ಲ. ‘ಬ’ದ ಹೊಟ್ಟೆ ಸೀಳಿ ಇಳಿ ಕೊಟ್ಟರೆ ‘ಭಾ’ ಎಂದು ಒಂದನೆಯ ತರಗತಿಯಲ್ಲಿ ಕಲಿತವರು ನಾವು. ಇಂಗ್ಲಿಷ್ ಅಕ್ಷರದಲ್ಲಿ ಆ ಸೀಳೂ ಇಲ್ಲ, ಇಳಿಯೂ ಇಲ್ಲ. ಹಳ್ಳಿಯೂ ಹಲ್ಲಿಯೂ ಒಂದೇ ಆಗುತ್ತವೆ. ಕಲಿ, ಕಾಳಿ, ಖಾಲಿ ಮೂರೂ ಒಂದೇ ಆಗುತ್ತವೆ. ನನ್ನ ಗಿರಾಕಿಗಳು ಹಾಗೆ ಬರೆದು ಕಳಿಸುವ ಅಳತೆಯನ್ನು ಫೋನ್ ಮಾಡಿ ಕೇಳದೆ ನಾನು ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಬಟ್ಟೆಯ ಮಟ್ಟಿಗೆ ಇಟ್ಟುಕೊಂಡ ಆ ಎಚ್ಚರವನ್ನು ಅಕ್ಕನ ಮಟ್ಟಿಗೆ ಇಟ್ಟುಕೊಳ್ಳಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಹೇಗೆ ಬಂತು ಎಂದು ಮೊಬೈಲ್ ದುರಸ್ತಿ ಮಾಡುವ ನನ್ನ ಮಗನನ್ನು ಕೇಳಿದೆ. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ಆ ವ್ಯವಸ್ಥೆಯ ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತವೆ. ಕನ್ನಡಕ್ಕೆ ಸಿಗುವುದು 70 ಮಾತ್ರ. ಒತ್ತು, ಕೊಂಬು, ಗುಡಿಸುಗಳನ್ನೂ ಅದು ಬೇರೆ ಬೇರೆಯಾಗಿ ಎಣಿಸುವುದರಿಂದ ‘ಕ್ಷಮಿಸು’ ಎಂಬ ಒಂದು ಮಾತಿಗೇ ಏಳು ಖರ್ಚಾಗುತ್ತವೆ. ಉದ್ದವಾದರೆ ಇನ್ನೊಂದು ಸಂದೇಶದ ದುಡ್ಡು. ಅಷ್ಟಕ್ಕೂ ಆಗಿನ ಬಹುತೇಕ ಮೊಬೈಲ್‌ಗಳಲ್ಲಿ ಕನ್ನಡದ ಗುಂಡಿಗಳೇ ಇರಲಿಲ್ಲ. ಆಗ ಜನ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ.

ಈಗ ಆ ಅಡ್ಡಿಗಳಲ್ಲಿ ಯಾವುದು ಉಳಿದಿದೆ? ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರಕ್ಕೆ ಇಷ್ಟು ಎಂದು ದುಡ್ಡಿಲ್ಲ. ಕನ್ನಡದ ಕೀಲಿಮಣೆ ಮೊಬೈಲ್‌ನಲ್ಲೇ ಇರುತ್ತದೆ. ಆಡಿದ್ದನ್ನೇ ಬರೆದುಕೊಳ್ಳುವ ಸೌಲಭ್ಯವನ್ನು ಗೂಗಲ್ 2017ರಲ್ಲಿ ಕನ್ನಡಕ್ಕೂ ತಂದಿತು. ನಮ್ಮ ಕಡೆಯ ಮಾತನ್ನು ಅದು ಆಗಾಗ ತಪ್ಪಾಗಿ ಬರೆದುಕೊಳ್ಳುತ್ತದೆ, ಕಳಿಸುವ ಮೊದಲು ತಿದ್ದಬೇಕು ಎನ್ನುವುದು ನಿಜ. ಆದರೂ ಹಳೆಯ ರೂಢಿಯನ್ನು ಬಿಡದೆ ಹಿಡಿದಿದ್ದೇವೆ.

ಚಿಕ್ಕದಾಗಿ ಬರೆಯುವುದರಿಂದ ಭಾಷೆ ಕೆಡುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಒಳ್ಳೆಯವರಿಗೆ ಅವನು ಹೇಗೆ, ಕೆಟ್ಟವರಿಗೆ ಹೇಗೆ ಎಂಬುದನ್ನು ಮೂರೇ ಸಾಲು ಹೇಳಿ ಮುಗಿಸಿವೆ. ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೂ ನಮ್ಮ ಮಕ್ಕಳು ಅದರ ಅರ್ಥ ಕಲಿಯುತ್ತಿದ್ದಾರೆ. ನನ್ನ ತಕರಾರು ಮಾತು ಚಿಕ್ಕದಾದದ್ದಕ್ಕಲ್ಲ, ಅದರ ಹಿಂದೆ ಮನುಷ್ಯ ಇಲ್ಲದಿರುವುದಕ್ಕೆ. ಯಾರದಾದರೂ ಮನೆಯಲ್ಲಿ ಸಾವಾದರೆ ಮೊದಲು ಹೋಗಿ ಮಾತನಾಡಿಸಿಕೊಂಡು ಬರುತ್ತಿದ್ದೆವು. ಏನೂ ಹೇಳಲು ತೋಚದಿದ್ದರೆ ಪಕ್ಕದಲ್ಲಿ ಕುಳಿತಾದರೂ ಬರುತ್ತಿದ್ದೆವು. ಈಗ ಮೂರು ಇಂಗ್ಲಿಷ್ ಅಕ್ಷರ, ಎರಡು ಮುಗಿದ ಕೈ. ಅದೇ ಮುಗಿದ ಕೈ ಹುಟ್ಟುಹಬ್ಬಕ್ಕೂ ಬರುತ್ತದೆ. ಮದುವೆಯ ಕಾರ್ಡನ್ನು ಮೊಬೈಲ್‌ಗೆ ಹಾಕಿ ‘ಇದನ್ನೇ ಖುದ್ದು ಕರೆಯೆಂದು ತಿಳಿಯಿರಿ’ ಎಂದು ಬರೆಯುತ್ತಾರೆ. ದೂರದವರಿಗೆ ಸರಿ. ಎರಡು ಓಣಿ ಆಚೆ ಇರುವ ಹಿರಿಯರಿಗೂ ಹಾಗೆಯೇ ಕಳಿಸಿದರೆ ಅವರ ಮನಸ್ಸಿಗೆ ಏನನ್ನಿಸಬೇಕು?

ಮೊಬೈಲ್‌ನಿಂದ ಆದ ಉಪಕಾರವನ್ನು ನಾನು ಮರೆಯುವವಳಲ್ಲ. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಹಳೆಯ ಬಾಗಲಕೋಟೆಯ ಒಂದೇ ಓಣಿಯವರು ನವನಗರದ ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿಹೋದೆವು. ಎಷ್ಟೋ ವರ್ಷ ಯಾರು ಎಲ್ಲಿದ್ದಾರೆ ಎಂದೇ ತಿಳಿದಿರಲಿಲ್ಲ. ಈಗ ಓಣಿಯ ಹೆಸರಿನಲ್ಲೇ ಒಂದು ಗುಂಪು ಇದೆ. ಓದುಬರಹ ಬಾರದ ನಮ್ಮ ಹಿರಿಯರೊಬ್ಬರು ಅದರಲ್ಲಿ ಧ್ವನಿ ಸಂದೇಶ ಕಳಿಸುತ್ತಾರೆ. ‘ಎಲ್ಲರೂ ಆರಾಮ ಇದ್ದೀರಾ’ ಎಂಬ ಅವರ ದನಿ ಕೇಳಿದರೆ ಮುಳುಗಿದ ಮನೆಯ ಕಟ್ಟೆ ಕಣ್ಣೆದುರು ಬರುತ್ತದೆ. ಅವರ ಮಾತನ್ನು ಯಾರೂ ತಪ್ಪು ತಿಳಿದುಕೊಂಡದ್ದಿಲ್ಲ. ದನಿಯಲ್ಲಿ ಎಲ್ಲವೂ ಇರುತ್ತದೆ.

ನಮ್ಮ ಜಿಲ್ಲೆಯ ಮೊಬೈಲ್ ಅಂಗಡಿಯವರಲ್ಲಿ ಒಂದು ಬೇಡಿಕೆ. ಹೊಸ ಮೊಬೈಲ್ ಕೊಡುವಾಗ ಗಾಜಿಗೆ ಹಾಳೆ ಅಂಟಿಸಿ, ಕವರ್ ಹಾಕಿ ಕೊಡುತ್ತೀರಿ. ಅದರ ಜೊತೆಗೆ ಕನ್ನಡ ಕೀಲಿಮಣೆಯನ್ನೂ ಹಾಕಿ, ಒಂದು ಸಲ ಅವರ ಕೈಯಿಂದಲೇ ಬರೆಯಿಸಿ ಕಳಿಸಿ. ಐದು ನಿಮಿಷದ ಕೆಲಸ. ಅಕ್ಕನ ಮೊಬೈಲ್ ಕೊಂಡ ದಿನದಿಂದ ಇಂಗ್ಲಿಷಿನಲ್ಲೇ ಇತ್ತು. ಬದಲಿಸಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ದಸರಾ ರಾತ್ರಿ ಊಟವಾದ ಮೇಲೆ ನನ್ನ ಮಗ ಹಾಕಿಕೊಟ್ಟ. ‘ತಂಗಿ’ ಎಂದು ಬರೆಯಲು ಬಿಂದು ಎಲ್ಲಿದೆ ಎಂದು ಅವಳು ಬಹಳ ಹೊತ್ತು ಹುಡುಕಿದಳು. ಸಿಕ್ಕಾಗ ಪಕ್ಕದಲ್ಲೇ ಕುಳಿತಿದ್ದ ನನಗೆ ಆ ಎರಡಕ್ಷರವನ್ನು ಕಳಿಸಿದಳು.

ಈ ಸಲ ಬನ್ನಿ ಕೊಡಲು ನಾನೇ ಜಮಖಂಡಿಗೆ ಹೋಗುತ್ತೇನೆ. ಯಾವ ಬಸ್ಸಿಗೆ ಬರುತ್ತೇನೆಂದು ನಿನ್ನೆ ಬರೆದು ಕಳಿಸಿದೆ. ‘ಊಟಕ್ಕೆ ಇರಲೇಬೇಕು’ ಎಂದು ಉತ್ತರ ಬಂದಿದೆ, ಕನ್ನಡದಲ್ಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ನವನಗರ, ಬಾಗಲಕೋಟೆ